ತೂಕ ಬಿದ್ದರೆ ಬಿಗಿಯುವ ದಾರ: ಮರ ಹತ್ತುವವರ ಗಂಟಿನ ಇತಿಹಾಸ

ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಇತಿಹಾಸ ಅಂದ ಕೂಡಲೇ ಎಲ್ಲರ ತಲೆ ಬಾದಾಮಿ ಕಡೆಗೇ ತಿರುಗತೈತಿ. 543ರ ಬಂಡೆ ಶಾಸನ, 578ರ ಮೂರನೇ ಗುಹೆ, ಪುಲಕೇಶಿ, ಮಂಗಳೇಶ. ಇವತ್ತು ಅವರ್ಯಾರೂ ಬರೋದಿಲ್ಲ. ಇವತ್ತಿನ ಕತೆ ನಿಮ್ಮ ಕಿರುಬೆರಳಿಗಿಂತ ಸಣ್ಣದಾದ ಒಂದು ದಾರದ್ದು.

ನವನಗರದಾಗ ಇರೋರು ಇದನ್ನ ನೋಡಿರ್ತೀರಿ. ಮಳೆಗಾಲಕ್ಕೆ ಮುಂಚೆ ರಸ್ತೆ ಬದಿಯ ಬೇವಿನ ಕೊಂಬೆ ಕರೆಂಟಿನ ತಂತಿಗೆ ತಾಗತೈತಿ ಅಂತ ಒಬ್ಬ ಮನುಷ್ಯ ಕೊಡಲಿ ಹೆಗಲಿಗೆ ಹಾಕ್ಕೊಂಡು ಬರಿಗಾಲಲ್ಲೇ ಮರ ಹತ್ತತಾನ. ಜೊತೆಗೆ ಹಗ್ಗ ಇರತೈತಿ. ಆದ್ರ ಆ ಹಗ್ಗ ಇರೋದು ಕೊಂಬೆ ಇಳಿಸಾಕ, ಅವನನ್ನ ಹಿಡಿಯಾಕಲ್ಲ. ಹುಣಸೆ ಬಡಿಯೋ ಕಾಲಕ್ಕೆ ಹಳ್ಳಿಗಳಾಗ ಇದೇ ಕತಿ. ಕೈ ಜಾರಿದ್ರ ನೆಲ ಒಂದೇ.

ಈ ಹಗ್ಗ ಮನುಷ್ಯನನ್ನ ಹಿಡಿಯೋ ಹಾಗೆ ಮಾಡೋ ಸಣ್ಣ ಸಾಮಾನು ಒಂದು ಐತಿ. ದಪ್ಪ ಹಗ್ಗವನ್ನು ಮೇಲಿನ ಗಟ್ಟಿ ಕೊಂಬೆಗೆ ಹಾಕಿ, ಅದರ ಮೇಲೆ ಒಂದು ಸಣ್ಣ ದಾರವನ್ನು ಮೂರ್ನಾಲ್ಕು ಸುತ್ತು ಸುತ್ತಿ, ಅದನ್ನು ನಿಮ್ಮ ಸೊಂಟದ ಪಟ್ಟಿಗೆ ಕೊಕ್ಕೆ ಹಾಕ್ತೀರಿ. ಕೈಯಿಂದ ದೂಡಿದರೆ ಗಂಟು ಹಗ್ಗದ ಮೇಲೆ ಸಲೀಸಾಗಿ ಮೇಲಕ್ಕೆ ಜಾರುತ್ತದೆ. ನಿಮ್ಮ ತೂಕ ಬಿತ್ತೋ, ಅಲ್ಲೇ ಕಚ್ಚಿ ಹಿಡಿಯುತ್ತದೆ. ಮರ ಹತ್ತೋ ಕಸುಬಿನವರು ಇದಕ್ಕೆ ಫ್ರಿಕ್ಷನ್ ಹಿಚ್ ಅಂತಾರೆ. ನಾವು ಬಿಗಿಗಂಟು ಅನ್ನೋಣ.

ಇದರ ಹಿಂದಿನ ತತ್ವ ನಮ್ಮ ರೈತರಿಗೆ ಹೊಸದಲ್ಲ. ಹೋರಿ ಕಿತ್ತುಕೊಂಡು ಓಡಾಕತ್ತಿದ್ರ ಬುದ್ಧಿವಂತ ರೈತ ಹಗ್ಗ ಹಿಡಿದು ಎದುರು ನಿಲ್ಲೋದಿಲ್ಲ. ಹತ್ತಿರದ ಮರಕ್ಕೋ ಕಂಬಕ್ಕೋ ಎರಡು ಸುತ್ತು ಹಾಕಿ ತುದಿ ಹಿಡಕೋತಾನ. ಹೋರಿ ಅಲ್ಲೇ ನಿಲ್ಲತೈತಿ. 18ನೇ ಶತಮಾನದಲ್ಲಿ ಆಯ್ಲರ್ ಎಂಬ ಸ್ವಿಸ್ ಗಣಿತಜ್ಞ ಇದನ್ನೇ ಲೆಕ್ಕ ಹಾಕಿ ಬರೆದ. ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೆ, ಒಂದು ಸುತ್ತಿಗೆ ನಿಮ್ಮ ಹಿಡಿತದ ಬಲ ಆರೂವರೆ ಪಟ್ಟು ಆಗುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರಕ್ಕೆ 280 ಪಟ್ಟು ದಾಟುತ್ತದೆ. ಸುತ್ತು ಒಂದೊಂದೇ ಕೂಡ್ತಾ ಹೋದರೂ ಬಲ ಕೂಡೋದಿಲ್ಲ, ಗುಣಿಸುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗತೈತಿ.

ಈಗ ಮಲೆನಾಡಿನ ಅಡಿಕೆ ತೋಟಕ್ಕೆ ಹೋಗೋಣ. ಶಿರಸಿ ಕಡೆ ಅಡಿಕೆ ಗೊನೆ ಇಳಿಸುವವರನ್ನು ಕೊನೆಗೌಡ ಅಂತಾರೆ. ಎರಡೂ ಪಾದಗಳ ನಡುವೆ ಒಂದು ಬಳೆಯಂಥ ಹಗ್ಗ ಹಾಕಿಕೊಳ್ತಾರೆ, ಅದಕ್ಕೆ ತಳೆ ಅಂತ ಹೆಸರು. ಪಾದಗಳು ಮರದ ಎರಡು ಬದಿಗೆ ಒತ್ತಿದಾಗ ತಳೆ ಬಿಗಿದು ಕಾಂಡಕ್ಕೆ ಕಚ್ಚುತ್ತದೆ. ಕಾಲು ಎತ್ತಿದರೆ ಸಡಿಲಾಗುತ್ತದೆ. ತೂಕ ಇದ್ದಾಗ ಬಿಗಿ, ಇಲ್ಲದಾಗ ಸಡಿಲು. ಬಿಗಿಗಂಟಿನ ತತ್ವವೇ ಇದು, ಹಗ್ಗದ ಬದಲು ಮರವೇ ಐತಿ ಅಷ್ಟೇ. ಪಳಗಿದ ಕೊನೆಗೌಡ ಒಂದು ಮರದ ತುದಿಯಿಂದ ಕೆಳಗಿಳಿಯದೇ ಪಕ್ಕದ ಮರವನ್ನು ಎಳೆದು ಹಾಗೇ ದಾಟಿಬಿಡ್ತಾನೆ. ನೋಡಿದರೆ ಎದೆ ಝಲ್ ಅನ್ನತೈತಿ.

ಆದರೆ ತಳೆ ಹಿಡಿಯೋದು ಪಾದವನ್ನ. ಮನುಷ್ಯನನ್ನಲ್ಲ. ಮಳೆಯಲ್ಲಿ ಪಾಚಿ ಕಟ್ಟಿದ ಮರದ ಮೇಲೆ ಕೈ ತಪ್ಪಿದರೆ ತಳೆಯಿಂದ ಏನೂ ಆಗೋದಿಲ್ಲ. ಅಡಿಕೆ ಸೀಮೆಯಲ್ಲಿ ಮರದಿಂದ ಬಿದ್ದು ಸತ್ತವರ, ಬೆನ್ನುಹುರಿ ಮುರಿದು ಹಾಸಿಗೆ ಹಿಡಿದವರ ಮನೆಗಳು ಊರೂರಿಗೆ ಸಿಗ್ತಾವೆ.

ಈ ತತ್ವದ ಒಂದು ಗಂಟು ಕಾಗದದ ಮೇಲೆ ಬಂದದ್ದು 1931ರಲ್ಲಿ. ಕಾರ್ಲ್ ಪ್ರೂಸಿಕ್ ಅನ್ನೋ ಆಸ್ಟ್ರಿಯಾದ ಪರ್ವತಾರೋಹಿ ಅಲ್ಲಿನ ಪರ್ವತಾರೋಹಿಗಳ ಪತ್ರಿಕೆಯಲ್ಲಿ ಒಂದು ಹೊಸ ಗಂಟಿನ ಬಗ್ಗೆ ಲೇಖನ ಬರೆದ. ಮೊದಲ ಮಹಾಯುದ್ಧದ ಕಾಲದಲ್ಲಿ ವಾದ್ಯಗಳ ಹರಿದ ತಂತಿ ಜೋಡಿಸಲು ಇದನ್ನು ಬಳಸಿದ್ದ ಅಂತ ಹೇಳ್ತಾರ. ಹಿಮದ ಬಿರುಕಿನಲ್ಲಿ ಬಿದ್ದು ಹಗ್ಗಕ್ಕೆ ನೇತಾಡುವವನು ಎರಡು ಸಣ್ಣ ಕುಣಿಕೆಗಳನ್ನು ಒಂದಾದ ಮೇಲೊಂದು ಸರಿಸುತ್ತಾ ತಾನೇ ಮೇಲೆ ಬರಬಹುದು ಅನ್ನೋದು ಅವನ ಯೋಚನೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ಟಿ ಇದೇ ಕೆಲಸಕ್ಕೆ ಜೂಮಾರ್ ಅನ್ನೋ ಲೋಹದ ಹಿಡಿ ತಂದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಆ ಹೆಸರು. ಆದರೂ ಪ್ರೂಸಿಕ್ ಗಂಟು ಸಾಯಲಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆ ಹತ್ತಲು ಚಳಿಗಾಲದಲ್ಲಿ ಬೆಂಗಳೂರಿಂದ, ಹೊರದೇಶಗಳಿಂದ ಹುಡುಗ್ರು ಬರ್ತಾರಲ್ಲ, ಅವರಲ್ಲಿ ಅನುಭವ ಇದ್ದವರ ಸೊಂಟ ನೋಡ್ರಿ. ಒಂದು ಸಣ್ಣ ದಾರದ ಕುಣಿಕೆ ನೇತಾಡ್ತಿರತೈತಿ. ಹಗ್ಗದಲ್ಲಿ ಇಳಿಯುವಾಗ ಕೈ ಬಿಟ್ಟರೂ ಹಿಡಿಯಲಿ ಅಂತ.

ಮರ ಹತ್ತುವವರ ದಾರಿ ಸ್ವಲ್ಪ ಬೇರೆ. ಅವರು ಗಂಟಿನ ಮೇಲೆ ದಿನವಿಡೀ ಕೂತು ಕೆಲಸ ಮಾಡಬೇಕು, ನೂರು ಸಲ ಮೇಲೆ ಕೆಳಗೆ ಆಗಬೇಕು. ಪ್ರೂಸಿಕ್ ಗಂಟು ತೂಕ ಬಿದ್ದ ಮೇಲೆ ಸಡಿಲಿಸೋದು ಕಷ್ಟ. ಅದಕ್ಕೆ ಬೇರೆ ಗಂಟುಗಳು ಹುಟ್ಟಿಕೊಂಡವು. ಇದರಲ್ಲಿ ಒಂದು ತಮಾಷೆ ಐತಿ. ಅಮೆರಿಕದ ಜೇಸನ್ ಬ್ಲೇಕ್ 1994ರಲ್ಲಿ ಮರಗೆಲಸದವರ ಒಂದು ಪತ್ರಿಕೆಗೆ ಪತ್ರ ಬರೆದು ತನ್ನ ಗಂಟನ್ನು ತೋರಿಸಿದ. ಜಗತ್ತೆಲ್ಲ ಅದನ್ನು ಬ್ಲೇಕ್ ಗಂಟು ಅಂತ ಕರೆಯಿತು. ಆದರೆ ಅದೇ ಗಂಟನ್ನು ಆಸ್ಟ್ರಿಯಾದ ಹೈಂಟ್ಸ್ ಪ್ರೊಹಾಸ್ಕಾ 1981ರಲ್ಲೇ ಪ್ರಕಟಿಸಿದ್ದ. ಹೆಸರು ಬಿತ್ತಿದವನಿಗಲ್ಲ, ಮಾರುಕಟ್ಟೆಗೆ ಒಯ್ದವನಿಗೆ. ಇನ್ನು ಪತ್ರಿಕೆಗೆ ಪತ್ರವನ್ನೇ ಬರೆಯದ ನಮ್ಮ ಕೊನೆಗೌಡರ ಹೆಸರು ಎಲ್ಲಿಂದ ಬರಬೇಕು?

ಗಂಟಿನ ಇತಿಹಾಸ ಇಷ್ಟಕ್ಕೆ ಸಾಕು. ನನ್ನ ಲೆಕ್ಕಕ್ಕೆ ಜೀವ ಉಳಿಸಿದ್ದು ಗಂಟಿಗಿಂತ ಹೆಚ್ಚು ದಾರ. ಯಾವ ದಾರ ಅನ್ನೋದರಲ್ಲೇ ಎಲ್ಲ ಐತಿ.

ಪ್ರೂಸಿಕ್ ಕಾಲದಲ್ಲಿ ಹಗ್ಗ ಅಂದ್ರ ನಾರು. ನಮ್ಮಲ್ಲಿ ಪುಂಡಿ ನಾರು, ಕತ್ತಾಳೆ ನಾರಿನ ಕಣ್ಣಿ, ದಾವಣಿ ಮಾಡ್ತಿದ್ದರಲ್ಲ, ಅದೇ ಜಾತಿ. ನಾರು ಒರಟು, ಚೆನ್ನಾಗಿ ಕಚ್ಚುತ್ತದೆ, ಬಿಸಿಗೆ ಕರಗೋದಿಲ್ಲ. ಆದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗೋದಿಲ್ಲ. ಆಮೇಲೆ ನೈಲಾನ್ ಬಂತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರೋ ಹಗ್ಗ ತಯಾರಿಸಿತು. ಇವತ್ತು ಬಂಡೆ ಹತ್ತುವವರ ಕೈಯಲ್ಲಿರೋ ಹಗ್ಗಗಳೆಲ್ಲ ಆ ವಂಶದವು. ಬಲ ಹೆಚ್ಚಾಯಿತು, ಆದರೆ ಹೊಸ ಶತ್ರು ಬಂತು: ಬಿಸಿ.

ಗಂಟು ಹಗ್ಗದ ಮೇಲೆ ವೇಗವಾಗಿ ಜಾರಿದರೆ ಉಜ್ಜಿ ಬಿಸಿಯಾಗುತ್ತದೆ. ಆಗ ಯಾವ ನೂಲು ಎಷ್ಟಕ್ಕೆ ಕರಗುತ್ತದೆ ಅನ್ನೋದು ಬದುಕು ಸಾವಿನ ಪ್ರಶ್ನೆ. ನೈಲಾನ್ ಜಾತಿ ನೋಡಿಕೊಂಡು 220ರಿಂದ 260 ಡಿಗ್ರಿಗೆ ಕರಗುತ್ತದೆ, ಪಾಲಿಯೆಸ್ಟರ್ 250ರ ಆಸುಪಾಸು. ಎಮ್ಮಿ ಕಟ್ಟಾಕ ಅಂಗಡಿಯಾಗ ತರ್ತೀವಲ್ಲ, ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ, ಅದು ಬಹುತೇಕ ಪಾಲಿಪ್ರೊಪಿಲೀನ್. 160ರ ಆಸುಪಾಸಿಗೇ ಕರಗತೈತಿ, ಮೊದಲೇ ನುಣುಪು, ನಮ್ಮ ಬಿಸಿಲಿಗೆ ಪುಡಿಪುಡಿ ಆಗತೈತಿ. ಅದರಲ್ಲಿ ಬಿಗಿಗಂಟು ಹಾಕಿ ಮರ ಹತ್ತೋದು ಬ್ಯಾಡ್ರಿ, ಕಡ್ಡಿ ಮುರಿದಂಗ ಹೇಳ್ತೀನಿ. ಬಹಳ ಗಟ್ಟಿ ಅಂತ ಹೆಸರಾದ ಡೈನೀಮಾ ಕೂಡ 145 ಡಿಗ್ರಿ ಹತ್ತಿರ ಸೋಲುತ್ತದೆ. ಗಟ್ಟಿ ಇದ್ದದ್ದೆಲ್ಲ ಈ ಕೆಲಸಕ್ಕೆ ಆಗೋದಿಲ್ಲ.

ಅದಕ್ಕೇ ಮರಗೆಲಸದವರ ದಾರದ ಕವಚದಲ್ಲಿ ಅರಾಮಿಡ್ ನೂಲು ಸೇರಿಸ್ತಾರೆ. ಕೆವ್ಲಾರ್, ಟೆಕ್ನೋರಾ ಅಂತ ಹೆಸರು ಕೇಳಿರ್ತೀರಿ. ಅದು ಕರಗೋದೇ ಇಲ್ಲ, 450 ಡಿಗ್ರಿ ದಾಟಿದ ಮೇಲೆ ಸುಟ್ಟು ಹಾಳಾಗುತ್ತದೆ. ಅದಕ್ಕೂ ಒಂದು ಕೊರತೆ ಐತಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ, ಬಿಸಿಲಿಗೆ ಒಡ್ಡಿದರೆ ನೂಲು ಒಳಗೇ ತುಂಡಾಗುತ್ತಾ ಹೋಗುತ್ತದೆ. ಹೀಗಾಗಿ ಬಲ ಉಳಿದಿದೆ ಅಂತ ಕಂಡರೂ ಆಗಾಗ ಬದಲಿಸಲೇಬೇಕು.

ಇನ್ನು ದಪ್ಪ. ದಾರ ಯಾವಾಗಲೂ ಮುಖ್ಯ ಹಗ್ಗಕ್ಕಿಂತ ಸಣ್ಣದಿರಬೇಕು. ಬಂಡೆ ಹತ್ತುವವರು 10-11 ಮಿ.ಮೀ. ಹಗ್ಗಕ್ಕೆ 6 ಮಿ.ಮೀ. ದಾರ ಹಾಕ್ತಾರೆ. ಮರಗೆಲಸದಲ್ಲಿ 12-13 ಮಿ.ಮೀ. ಹಗ್ಗದ ಮೇಲೆ 8ರಿಂದ 10. ತೀರಾ ಸಣ್ಣ ಆದರೆ ಕಚ್ಚಿಕೊಂಡು ಬಿಡೋದೇ ಇಲ್ಲ, ಅರ್ಧ ಮರದಲ್ಲಿ ಸಿಕ್ಕಿಕೊಳ್ತೀರಿ. ಎರಡೂ ಒಂದೇ ದಪ್ಪ ಆದರೆ ಜಾರುತ್ತದೆ. ದಾರ ಮೆತ್ತಗೂ ಇರಬೇಕು. ಬಿರುಸಾದ ಹೊಸ ದಾರ ಹಗ್ಗವನ್ನು ಅಪ್ಪಿಕೊಳ್ಳೋದಿಲ್ಲ. ನೂಲಿನ ಹದ ಅಂದ್ರ ಏನು ಅಂತ ಇಳಕಲ್ಲಿನ ನೇಕಾರರಿಗೆ ನಾವು ಹೇಳಬೇಕಿಲ್ಲ. ಸೆರಗಿನ ಎಳೆಯನ್ನೂ ಒಡಲಿನ ಎಳೆಯನ್ನೂ ಕೊಂಡಿ ಹಾಕಿ ಸೇರಿಸುವ ಊರು ಅದು.

ಈಗ ಆಗಲೇ ಹೇಳಿದ ಸುತ್ತಿನ ಲೆಕ್ಕಕ್ಕೆ ಬರೋಣ. ಗಂಟು ಜಾರ್ತಿದ್ದರೆ ಒಂದು ಸುತ್ತು ಹೆಚ್ಚಿಸ್ತಾರೆ, ಸಿಕ್ಕಿಕೊಳ್ತಿದ್ದರೆ ಒಂದು ಕಡಿಮೆ ಮಾಡ್ತಾರೆ. ಬಲ ಗುಣಿಸೋದರಿಂದ ಒಂದೇ ಸುತ್ತಿಗೆ ಗಂಟಿನ ಸ್ವಭಾವವೇ ಬದಲಾಗುತ್ತದೆ. 50 ಕಿಲೋ ಹುಡುಗನಿಗೆ ಸರಿಯಾದ ಗಂಟು 90 ಕಿಲೋದವನಿಗೆ ಸರಿಯಿರಲಿಕ್ಕಿಲ್ಲ. ಹಗ್ಗ ಒದ್ದೆಯಾದರೆ, ಹೊಸದಾದರೆ, ಬೇವಿನ ಅಂಟು ಹತ್ತಿದರೆ ಮತ್ತೆ ಬೇರೆ. ಅದಕ್ಕೆ ಪ್ರತಿ ಸಲ ನೆಲದಿಂದ ಒಂದು ಅಡಿ ಎತ್ತರದಲ್ಲಿ ಪೂರ್ತಿ ತೂಕ ಹಾಕಿ ಕೂತು ನೋಡಿಯೇ ಮೇಲೆ ಹೋಗೋದು. ಸುತ್ತುಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತಿರಬೇಕು, ಒಂದರ ಮೇಲೊಂದು ಏರಿರಬಾರದು. ದಾರದ ಉದ್ದವೂ ಮುಖ್ಯ. ಉದ್ದ ಆದರೆ ಗಂಟು ಕಚ್ಚೋಕೆ ಮುಂಚೆ ನೀವು ಅಷ್ಟು ಕೆಳಗೆ ಕುಸೀತೀರಿ, ಗಂಟು ಕೈಗೆ ಎಟುಕದಷ್ಟು ಮೇಲೆ ಹೋಗಬಹುದು. ಗಿಡ್ಡ ಆದರೆ ಸುತ್ತಿಗೇ ಸಾಲೋದಿಲ್ಲ.

ಎಲ್ಲಾ ಸರಿ ಇದ್ದೂ ಗಂಟು ಸೋಲೋ ಒಂದು ಸಂದರ್ಭ ಐತಿ, ಅದಕ್ಕೆ ಕಾರಣ ನಮ್ಮದೇ ಕೈ. ಬೀಳೋ ಮನುಷ್ಯ ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡೀತಾನ, ಅದು ಹುಟ್ಟುಗುಣ. ಗಂಟನ್ನೇ ಮುಷ್ಟಿಯಲ್ಲಿ ಹಿಡಿದರೆ ಅದು ಬಿಗಿಯೋದಿಲ್ಲ, ಮುಷ್ಟಿ ಅದನ್ನು ಕೆಳಕ್ಕೆ ಎಳೀತಾ ಹೋಗುತ್ತದೆ, ಕರಗುವವರೆಗೂ. ತರಬೇತಿ ಕೊಡೋರು ಗಂಟು ಬಿಡೋದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸ್ತಾರೆ. ವಿಡಿಯೋ ನೋಡಿ ಇದು ಬರೋದಿಲ್ರಿ, ಪಾಡ್‌ಕಾಸ್ಟ್ ಕೇಳಿಯಂತೂ ಬರೋದೇ ಇಲ್ಲ. ಬಲ್ಲವರ ಕೈಕೆಳಗೆ ಕಲೀಬೇಕು. ತಂತಿಯ ಹತ್ತಿರದ ಮರಕ್ಕಂತೂ ಲೈನ್ ಬಂದ್ ಆಗದೇ ಹತ್ತಬಾರದು. ಕರೆಂಟಿಗೆ ಯಾವ ಗಂಟೂ ಅಡ್ಡ ಬರೋದಿಲ್ಲ.

ತಾಳೆ ಜಾತಿಯ ಮರಗಳಿಗೆ ಬೇರೆ ಉಪಾಯಗಳು ಬಂದಿವೆ. ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ಹುಟ್ಟಿದ ತೆಂಗು ಹತ್ತುವ ಯಂತ್ರ ನೋಡಿದ್ದೀರಾ? ಎರಡು ಪೆಡಲ್, ಎರಡು ಉಕ್ಕಿನ ತಂತಿಯ ಕುಣಿಕೆ. ತುಳಿದರೆ ಕುಣಿಕೆ ಮರಕ್ಕೆ ಬಿಗಿ, ಎತ್ತಿದರೆ ಸಡಿಲು. ಪ್ರೂಸಿಕ್‌ನ ಎರಡು ಕುಣಿಕೆ, ಕೊನೆಗೌಡನ ತಳೆ ಎರಡೂ ಅದರೊಳಗೆ ಅದಾವ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಇಂಥ ಯಂತ್ರ ಹಿಡಿದೇ ಯುವಕ ಯುವತಿಯರಿಗೆ ತರಬೇತಿ ಶುರು ಮಾಡಿತು, ಜೊತೆಗೆ ವಿಮೆಯನ್ನೂ ತಂದಿತು. ಬಂಟ್ವಾಳದ ಗಣಪತಿ ಭಟ್ಟರು ಎಂಜಿನ್ ಇರೋ ಅಡಿಕೆ ಬೈಕ್ ಮಾಡಿದರು. ಈಗ ಕಾರ್ಬನ್ ಫೈಬರ್ ದೋಟಿ ಬಂದು, ಮರ ಹತ್ತದೇ ನೆಲದ ಮೇಲೆ ನಿಂತೇ ಗೊನೆ ಇಳಿಸೋರು ಹೆಚ್ಚಾಗಿದ್ದಾರೆ.

ಆದರೆ ಹುಣಸೆ, ಬೇವು, ಮಾವಿಗೆ ಯಾವ ಯಂತ್ರವೂ ಏರೋದಿಲ್ಲ. ಕವಲು ಕವಲಾದ ಮರಕ್ಕೆ ಹಗ್ಗ, ದಾರ, ಸೊಂಟಪಟ್ಟಿಯೇ ಗತಿ. ನವನಗರದಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಐತಿ, 40 ಕಿಲೋಮೀಟರಿನ ಆಚೆ ಬಾದಾಮಿಯಲ್ಲಿ ಹಗ್ಗ ಬಲ್ಲ ಹುಡುಗ್ರು ಅದಾರ. ಇವೆರಡನ್ನ ಜೋಡಿಸಿ ಹುಣಸೆ ಬಡಿಯೋರಿಗೆ ವಾರದ ತರಬೇತಿ ಮಾಡಿದ್ರ ಹೆಂಗ ಅಂತ ನನಗ ಅನ್ನಿಸತೈತಿ.

ಕಡೀಗೆ ಒಂದು ಮಾತು, ಈಗಾಗಲೇ ಇಂಥ ದಾರ ಬಳಸೋರಿಗೆ. ಕವಚ ಹೊಳೆಯೋ ಹಾಗೆ ಗಾಜುಗಟ್ಟಿದ್ರ, ಬೆರಳಿಗೆ ಒಂದು ಕಡೆ ಮೆತ್ತಗೆ ತಗ್ಗು ಸಿಕ್ಕರೆ, ಆ ದಾರದ ಕೆಲಸ ಮುಗೀತು. ನಮ್ಮ ಕಡೆ ಹಗ್ಗ ಎಸೆಯೋ ಪದ್ಧತಿ ಇಲ್ಲ, ಗೊತ್ತು. ಅದಕ್ಕೇ ಇಡೀ ದಾರ ಮೊಳೆಗೆ ನೇತು ಹಾಕಬ್ಯಾಡ್ರಿ, ನಾಳೆ ಯಾರಾದ್ರೂ ತಿಳೀದೇ ತಗೊಂಡು ಮರ ಹತ್ತಿಬಿಟ್ಟಾರು. ಗೇಣುಗೇಣು ಕತ್ತರಿಸಿಡ್ರಿ. ಚೀಲದ ಬಾಯಿ ಕಟ್ಟಾಕ ಅಷ್ಟು ಸಾಕು.