ಒಂದು ಮೊಳ ತಂತಿಯ ಚರಿತ್ರೆ

ನಮ್ಮ ತಂದೆಯವರು 1967ರಲ್ಲಿ ಕೊಂಡ ಜಾವಾ ಮೋಟಾರ್ ಸೈಕಲ್ಲನ್ನು ಗುಜರಿಗೆ ಹಾಕಿಬಿಡುವುದೆಂದು ಕಳೆದ ಆಷಾಢದಲ್ಲಿ ಮನೆಯಲ್ಲಿ ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಬಾಯಿ ಬಿಡದೆ ಕುಳಿತಿದ್ದವರು ತಾಯಿಯವರೊಬ್ಬರೇ.

ಗಾಡಿಯ ಕಾಯಿಲೆ ವಿಚಿತ್ರವಾದದ್ದು. ಮಟ್ಟಸವಾದ ರಸ್ತೆಯಲ್ಲಿ ಗುಡುಗುಡು ಎಂದು ಚೆನ್ನಾಗಿಯೇ ಹೋಗುತ್ತಿತ್ತು. ಚಾಮುಂಡಿಬೆಟ್ಟದ ಏರು ಬಂದೊಡನೆ ಕೆಮ್ಮಿ, ಮುಗ್ಗರಿಸಿ, ನಿಂತೇಬಿಡುತ್ತಿತ್ತು. ತೋರಿಸಿದೆ. ಮೆಕ್ಯಾನಿಕ್ಕು ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನ ತಲೆಯ ಮೇಲಿಟ್ಟು, ಒಂದು ಒದೆ ಒದ್ದ. ಚಟ್ ಎಂದು ನೀಲಿ ಕಿಡಿ ಹಾರಿತು. “ಬೆಂಕಿ ಚೆನ್ನಾಗಿ ಬರ್ತಿದೆ ಸ್ವಾಮಿ, ಇಂಜಿನ್ನೇ ಹೋಗಿದೆ. ಬೋರು ಮಾಡಿಸಿದರೂ ಭರವಸೆ ಇಲ್ಲ” ಎಂದ. ಗುಜರಿಯವನು ಸೋಮವಾರ ಬರುವುದೆಂದಾಯಿತು.

ಶನಿವಾರ ಸಂಜೆ ನಮ್ಮ ಬೀದಿಯ ಹಿರಿಯರೊಬ್ಬರು ವಿಷಯ ತಿಳಿದು ಬಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆಯುಷ್ಯದ ಅರ್ಧ ಸವೆಸಿದವರು. “ಏನಪ್ಪಾ, ಮೇಷ್ಟ್ರ ಗಾಡೀನ ಕಬ್ಬಿಣದ ತೂಕಕ್ಕೆ ಹಾಕ್ತೀಯಂತೆ?” ಎಂದರು. ನಾನು ಕಿಡಿಯ ಕಥೆ ಹೇಳಿದೆ. “ಬಯಲಲ್ಲಿ ಹಾರೋ ಕಿಡೀನ ನಂಬಬಾರದು. ದೀಪ ಆರಿಸು, ನೋಡೋಣ” ಎಂದರು.

ಕೊಟ್ಟಿಗೆಯ ದೀಪವಾರಿಸಿ, ಇಂಜಿನ್ನು ಹೊತ್ತಿಸಿ, ಆಕ್ಸಿಲರೇಟರು ತಿರುಗಿಸಿದೆ. ಆ ಕತ್ತಲಲ್ಲಿ ಕಂಡದ್ದನ್ನು ಮರೆಯಲಾರೆ. ಪ್ಲಗ್ಗಿನ ಕ್ಯಾಪಿನ ಸೀಳಿನಿಂದ ಕೂದಲೆಳೆಯಂಥ ನೀಲಿ ದಾರವೊಂದು ಹೊರಟು, ಸಿಲಿಂಡರಿನ ರೆಕ್ಕೆಗೆ ತಾಗಿ ತಾಗಿ ಮಾಯವಾಗುತ್ತಿತ್ತು. ತಂತಿಯ ಮೈಮೇಲೂ ಅಲ್ಲಲ್ಲಿ ಮಿಣುಕು. ಒಳಗೆ ಹೋಗಬೇಕಾದ ಬೆಂಕಿ ಹೊರಗೇ ಸೋರಿಹೋಗುತ್ತಿತ್ತು!

ಮೆಕ್ಯಾನಿಕ್ಕು ಸುಳ್ಳು ಹೇಳಿರಲಿಲ್ಲ. ಅವನ ಪರೀಕ್ಷೆ ಅರ್ಧಕ್ಕೆ ನಿಂತಿತ್ತು, ಅಷ್ಟೇ. ಬಯಲಿನ ಗಾಳಿಯಲ್ಲಿ ಕಿಡಿ ಹಾರಿಸಲು ಸಾಕಾಗುವ ವೋಲ್ಟು, ಸಿಲಿಂಡರಿನೊಳಗೆ ಅದುಮಿದ ಅನಿಲದಲ್ಲಿ ಸಾಲದು. ಏರಿನಲ್ಲಿ ಥ್ರಾಟಲು ಪೂರಾ ತೆರೆದಾಗ ಒಳಗಿನ ಒತ್ತಡ ಇನ್ನೂ ಹೆಚ್ಚು. ಆಗ ವಿದ್ಯುತ್ತು ಸುಲಭದ ದಾರಿ ಹುಡುಕುತ್ತದೆ. ಕ್ಯಾಪು ಸೀಳಿದ್ದರೆ ಆ ದಾರಿ ಸಿದ್ಧವಾಗಿಯೇ ಇದೆ.

ಈ ಒಂದು ಮೊಳ ತಂತಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆಯೆಂದು ನನಗೆ ತಿಳಿದದ್ದು ಆಮೇಲೆ. 1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬಾಕ್ ಮಾಡಿದ ಮೊದಲ ಪೆಟ್ರೋಲು ಮೋಟಾರ್ ಸೈಕಲ್ಲಿನಲ್ಲಿ ಪ್ಲಗ್ಗೂ ಇಲ್ಲ, ತಂತಿಯೂ ಇಲ್ಲ. ಜ್ವಾಲೆಯಲ್ಲಿ ಕೆಂಪಗೆ ಕಾದ ಕೊಳವೆಯೇ ಅನಿಲವನ್ನು ಹೊತ್ತಿಸುತ್ತಿತ್ತು. ಸವಾರ ಉರಿಯುವ ಒಲೆಯ ಮೇಲೆಯೇ ಕುಳಿತಂತಾಯಿತು. ವಿದ್ಯುತ್ ಕಿಡಿಯನ್ನು ಪ್ಯಾರಿಸ್ಸಿನ ಲೆನ್ವಾ 1860ರಲ್ಲೇ ತನ್ನ ಅನಿಲ ಇಂಜಿನ್ನಿಗೆ ಬಳಸಿದ್ದ. ಆದರೆ ವೇಗವಾಗಿ ತಿರುಗುವ ಸಣ್ಣ ಇಂಜಿನ್ನಿಗೆ ಅದನ್ನು ನೆಚ್ಚುವಂತೆ ಒದಗಿಸುವುದು ಬೇರೆಯೇ ಮಾತು. 1902ರಲ್ಲಿ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಹೊನೋಲ್ಡ್ ಎಂಬ ಇಂಜಿನಿಯರು ಅಧಿಕ ವೋಲ್ಟಿನ ಮ್ಯಾಗ್ನೆಟೋ ಸಿದ್ಧಪಡಿಸಿದ ಮೇಲೆ ಪ್ಲಗ್ಗು, ತಂತಿಗಳ ಜೋಡಿ ನೆಲೆಯೂರಿತು. 1910ರ ಸುಮಾರಿಗೆ ಅಮೆರಿಕದ ಕೆಟರಿಂಗ್ ಬ್ಯಾಟರಿ, ಕಾಯಿಲು, ಪಾಯಿಂಟುಗಳ ಏರ್ಪಾಟನ್ನು ಕಾರುಗಳಿಗೆ ಹೊಂದಿಸಿದ. ನಮ್ಮ ಜಾವಾದಲ್ಲಿರುವುದು ಈ ಎರಡನೆಯ ಬಗೆಯದೇ. ಪಾಯಿಂಟು ತೆರೆದ ಕ್ಷಣ ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ. ಬ್ಯಾಟರಿಯ 6 ವೋಲ್ಟು ಹತ್ತು ಸಾವಿರಕ್ಕೂ ಮೀರಿ ಚಿಮ್ಮುತ್ತದೆ. ಇದರ ಮೂಲಸೂತ್ರವನ್ನು ಫ್ಯಾರಡೇ ಕಂಡದ್ದು 1831ರಲ್ಲಿ.

ಅಷ್ಟು ವೋಲ್ಟನ್ನು ಹಿಡಿದಿಡುವುದು ಸಾಮಾನ್ಯವೇ? ಹಿಂದೆ ತಂತಿಗೆ ರಬ್ಬರಿನ ಹೊದಿಕೆ. ತಂತಿಯ ಸುತ್ತಲ ಗಾಳಿ ಆ ಒತ್ತಡಕ್ಕೆ ಸಿಕ್ಕಿ ಓಜೋನ್ ಹುಟ್ಟುತ್ತದೆ. ಸ್ವಿಟ್ಸರ್ಲೆಂಡಿನ ಷೋನ್‌ಬೈನ್ 1840ರಲ್ಲಿ ವಾಸನೆಯಿಂದಲೇ ಗುರುತಿಸಿ ಹೆಸರಿಟ್ಟ ಅನಿಲವದು. ಅದು ರಬ್ಬರನ್ನು ತಿಂದು ಬಿರುಕು ಬಿಡಿಸುತ್ತದೆ. ಬಿರುಕಿನಲ್ಲಿ ಮಳೆಯ ತೇವ ಸೇರುತ್ತದೆ. ಕಿಡಿ ತನ್ನನ್ನು ಕಾಯುವ ಹೊದಿಕೆಯನ್ನು ತಾನೇ ಹಾಳುಮಾಡುತ್ತದೆಂದಾಯಿತು. ಕ್ಯಾಪಿನದು ಬೇಕಲೈಟು, 1907ರಲ್ಲಿ ಬೇಕೆಲಾಂಡ್ ಕಂಡುಹಿಡಿದದ್ದು. ಶಾಖಕ್ಕೆ ಜಗ್ಗದು, ವಿದ್ಯುತ್ತಿಗೆ ದಾರಿ ಕೊಡದು. ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮಡಕೆಯ ಪಾಡು.

ಇನ್ನೊಂದು ಸ್ವಾರಸ್ಯವಿದೆ. ಹರ್ಟ್ಸ್ 1887ರಲ್ಲಿ ರೇಡಿಯೋ ಅಲೆಗಳನ್ನು ಎಬ್ಬಿಸಿದ್ದು ಕಿಡಿಯಿಂದಲೇ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿಸಿದ ಸಂಕೇತವೂ ಕಿಡಿಯದೇ. ಅಂದಮೇಲೆ ಪ್ರತಿಯೊಂದು ಮೋಟಾರ್ ಸೈಕಲ್ಲೂ ಒಂದು ಪುಟ್ಟ ಬಾನುಲಿ ಕೇಂದ್ರ, ಕೇಳುವಂಥ ಕಾರ್ಯಕ್ರಮವಿಲ್ಲ, ಅಷ್ಟೇ. ಬ್ರಿಟನ್ನಿನಲ್ಲಿ ಈ ಉಪದ್ರವಕ್ಕೆ 1952ರಲ್ಲಿ ಕಾನೂನಿನ ನಿಯಮವನ್ನೇ ತಂದರು. ಕಿಡಿಯ ದಾರಿಯಲ್ಲಿ ಕೆಲವು ಸಾವಿರ ಓಮಿನ ರೋಧಕವಿಟ್ಟರೆ ಗಲಾಟೆ ಅಡಗುತ್ತದೆ. ಈಗಿನ ಅನೇಕ ಕ್ಯಾಪುಗಳ ಹೊಟ್ಟೆಯಲ್ಲಿ ಅದು ಕೂತಿರುತ್ತದೆ. ನಮ್ಮ ಗಾಡಿಯದು ಬರಿಯ ಕ್ಯಾಪು. ನನ್ನ ಬಾಲ್ಯದಲ್ಲಿ ರೇಡಿಯೋ ಗೊರಗೊರ ಎಂದರೆ ಅಮ್ಮ ಕಾಫಿಗೆ ನೀರಿಡುತ್ತಿದ್ದರು: ತಂದೆಯವರು ಬೀದಿಯ ತಿರುವಿಗೆ ಬಂದರೆಂದು ಅರ್ಥ. 1935ರಲ್ಲಿ ಡಾಕ್ಟರ್ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಹುಟ್ಟುಹಾಕಿದ ಊರು ಮೈಸೂರು. ಇಂದು ಆ ಬಾನುಲಿ ನಿಲಯವಿರುವ ಯಾದವಗಿರಿಯಲ್ಲೇ ಜಾವಾ ಕಾರ್ಖಾನೆಯೂ ಇತ್ತೆಂಬುದು ತಮಾಷೆಯ ನೆರೆಹೊರೆ.

ಜಾವಾದ ಕಥೆ ಎಲ್ಲರಿಗೂ ತಿಳಿದದ್ದೇ. 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಎಂಬ ಆಯುಧ ತಯಾರಕ ಜರ್ಮನಿಯ ವಾಂಡರರ್ ಸಂಸ್ಥೆಯ ವಿನ್ಯಾಸ ಕೊಂಡು ಆರಂಭಿಸಿದ್ದು. ಎರಡು ಹೆಸರಿನ ಮೊದಲಕ್ಷರಗಳು ಸೇರಿ ಜಾವಾ. 1961ರಿಂದ ಮೈಸೂರಿನಲ್ಲಿ ತಯಾರಾಯಿತು. ಎಪ್ಪತ್ತರ ದಶಕದಲ್ಲಿ ಯೆಜ್ದಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹಿರಿಯರು ಈ ಕೊನೆಯ ಮಾತಿಗೆ ಬಂದಾಗ ಸ್ಕ್ರೂಡ್ರೈವರು ಒರೆಸುತ್ತ ಕುಳಿತರು, ನಾನೂ ಕೆದಕಲಿಲ್ಲ.

ಭಾನುವಾರ ರಿಪೇರಿ. ಕ್ಯಾಪನ್ನು ಎಡಕ್ಕೆ ತಿರುಗಿಸಿದರೆ ತಂತಿಯಿಂದ ಕಳಚಿಕೊಳ್ಳುತ್ತದೆ. ಒಳಗೆ ಮರದ ಸ್ಕ್ರೂವಿನಂಥ ಮೊಳೆಯೊಂದು ತಾಮ್ರದ ಎಳೆಗಳನ್ನು ಕಚ್ಚಿಕೊಂಡಿರುತ್ತದೆ. ನಮ್ಮ ತಂತಿಯ ತುದಿ ಹಸಿರು ಕಿಲುಬು ಹಿಡಿದಿತ್ತು. ತಂತಿ ಗಟ್ಟಿಯಿದ್ದರೆ ಅರ್ಧ ಅಂಗುಲ ಕತ್ತರಿಸಿ, ಹೊಸ ತಾಮ್ರಕ್ಕೆ ಕ್ಯಾಪು ತಿರುಗಿಸಿದರೆ ಸಾಕು. ನಮ್ಮದು ಬಗ್ಗಿಸಿದ ಕಡೆಯೆಲ್ಲ ಬಾಯಿ ಬಿಟ್ಟದ್ದರಿಂದ ಪೂರ್ತಿ ಬದಲಾಯಿಸಬೇಕಾಯಿತು. ಅಂಗಡಿಯವನು ಕಾರಿನ ತಂತಿ ತೋರಿಸಿದ. “ಅದು ಬೇಡ, ಇಂಗಾಲದ ಎಳೆ; ಮೊಳೆ ಕಚ್ಚಲ್ಲ. ತಾಮ್ರದ್ದೇ ಕೊಡು, ಏಳು ಮಿಲಿಮೀಟರಿನದು” ಎಂದು ಹಿರಿಯರು ಗದರಿದರು. ಹೊಸ ಕ್ಯಾಪಿಗೆ ಮೀಟರು ಹಿಡಿದಾಗ ಐದು ಸಾವಿರ ಓಮು ತೋರಿಸಿತು. ತಂತಿಯನ್ನು ಸಿಲಿಂಡರಿನ ರೆಕ್ಕೆಗೆ ತಾಗದಂತೆ ಕಟ್ಟಿದೆವು. ಖರ್ಚು ಮುನ್ನೂರು ರೂಪಾಯಿಯೊಳಗೆ.

ಸಂಜೆ ಬೆಟ್ಟದ ತುದಿಯವರೆಗೂ ಹೋಗಿ ಬಂದೆ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಅಮ್ಮ ಟ್ರಾನ್ಸಿಸ್ಟರು ಹಿಡಿದುಕೊಂಡೇ ಜಗಲಿಗೆ ಬಂದರು.

“ಇದು ಗೊರ ಅನ್ನಲೇ ಇಲ್ಲವಲ್ಲೋ!”

ರೋಧಕದ ವಿಷಯ ವಿವರಿಸಿದೆ. ಸಮಾಧಾನವಾದಂತೆ ಕಾಣಲಿಲ್ಲ. “ಹಾಗಾದರೆ ಬಂದದ್ದು ಒಳಗಿದ್ದವರಿಗೆ ತಿಳಿಯೋದು ಹೇಗೆ?” ಎಂದು ಕೇಳಿ, ಕಾಫಿಗೆ ನೀರಿಡಲು ಹೋದರು.

ಸೋಮವಾರ ಗುಜರಿಯವನು ಹೇಳಿದ ಹೊತ್ತಿಗೇ ಬಂದ. ತೂತುಬಿದ್ದ ಬಕೆಟ್ಟೊಂದನ್ನು ತೂಗಿಸಿ ಕಳುಹಿಸಿದೆ.