ಹಳಗನ್ನಡ ಕವಿಗಳ ಆತ್ಮಪರಿಚಯ: ಒಂದು ಅವಲೋಕನ

ಇಂದಿನ ಪುಸ್ತಕಗಳ ಹಿಂಬದಿಯ ರಕ್ಷಾಪುಟದಲ್ಲಿ ಲೇಖಕರ ಭಾವಚಿತ್ರದೊಡನೆ ನಾಲ್ಕಾರು ಸಾಲುಗಳ ಪರಿಚಯ ಇರುವುದು ವಾಡಿಕೆ. ಕೃತಿಯೊಡನೆ ಕರ್ತೃವಿನ ವಿವರವನ್ನೂ ಓದುಗನಿಗೆ ಒಪ್ಪಿಸುವ ಈ ಪದ್ಧತಿ ಮುದ್ರಣಯುಗದ ಕೊಡುಗೆಯಲ್ಲ. ಹತ್ತನೆಯ ಶತಮಾನದ ಜೈನಕವಿಗಳು ಇದನ್ನು ಬಹುಮಟ್ಟಿಗೆ ಪರಿಪೂರ್ಣಗೊಳಿಸಿದ್ದರು. ಅವರು ಬರೆದಿಟ್ಟ ವಿವರಗಳೇ ಕನ್ನಡ ಸಾಹಿತ್ಯಚರಿತ್ರೆಯ ತಳಹದಿಯಾಗಿವೆ.

ಆದಿಕವಿ ಪಂಪನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಹೇಳಿಕೊಂಡಿದ್ದಾನೆ. ಸಂವತ್ಸರದ ಹೆಸರು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಇಷ್ಟರಿಂದಲೇ ಕಾಲನಿರ್ಣಯ ಸಾಧ್ಯವಿಲ್ಲ. ಆದರೆ ಆತ ಆದಿಪುರಾಣವನ್ನು ಶಕವರ್ಷ 863ರ ಪ್ಲವ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 941ರಲ್ಲಿ, ಮುಗಿಸಿದುದನ್ನೂ ತಿಳಿಸಿದ್ದಾನೆ. ಈ ಎರಡು ಮಾತುಗಳನ್ನು ಜೋಡಿಸಿದಾಗ ಅವನ ಜನ್ಮವರ್ಷ ಕ್ರಿ.ಶ. 902 ಎಂಬುದು ದೊರೆಯುತ್ತದೆ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಕವಿ ಆದಿಪುರಾಣವನ್ನು ರಚಿಸಿದನೆಂದು ಸಾವಿರ ವರ್ಷಗಳ ಬಳಿಕವೂ ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಇದರಿಂದಲೇ.

ವಂಶವನ್ನು ಹೇಳುವಾಗಲೂ ಪಂಪನದು ಬರಿಯ ಹೊಗಳಿಕೆಯಲ್ಲ. ಪೂರ್ವಿಕನಾದ ಮಾಧವ ಸೋಮಯಾಜಿಯ ಯಜ್ಞಗಳನ್ನು ನೆನೆಯುತ್ತಲೇ ಆ ಹೊಗೆಯಿಂದ ಅವನ ಕೀರ್ತಿ ಕಪ್ಪಿಟ್ಟಿತೆಂಬ ವ್ಯಥೆಯನ್ನು ಸೂಚಿಸುತ್ತಾನೆ. ತಂದೆ ಜಿನಧರ್ಮವನ್ನು ಸ್ವೀಕರಿಸಿದುದನ್ನು ಹೆಮ್ಮೆಯಿಂದ ಹೇಳುತ್ತಾನೆ. ಒಂದು ಮನೆತನದ ಧಾರ್ಮಿಕ ಪರಿವರ್ತನೆಯ ಚರಿತ್ರೆ ಹೀಗೆ ಕೆಲವೇ ಪದ್ಯಗಳಲ್ಲಿ ಉಳಿದುಬಂದಿದೆ. ಆದರೂ ತಾಯಿ ಅಬ್ಬಣಬ್ಬೆಯ ಹೆಸರು ವಿದ್ವಾಂಸರಿಗೆ ತಿಳಿದುಬಂದುದು ತಮ್ಮ ಜಿನವಲ್ಲಭ ಬರೆಯಿಸಿದ ಕುರಿಕ್ಯಾಲ ಶಾಸನದಿಂದ. ಇಂದಿನ ತೆಲಂಗಾಣದ ಆ ಬಂಡೆಗಲ್ಲಿನ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅಣ್ಣ ಕಾವ್ಯದಲ್ಲಿ ಬಿಟ್ಟುದನ್ನು ತಮ್ಮ ಕಲ್ಲಿನಲ್ಲಿ ತುಂಬಿಕೊಟ್ಟನು.

ರನ್ನನ ಆತ್ಮಪರಿಚಯ ಇನ್ನೂ ವಿವರವಾದುದು. ಕ್ರಿ.ಶ. 993ರ ಅಜಿತಪುರಾಣದಲ್ಲಿ ಅವನು ತನ್ನ ಊರು ಮುದುವೊಳಲನ್ನು, ಎಂದರೆ ಇಂದಿನ ಮುಧೋಳವನ್ನು, ಹೆಸರಿಸುತ್ತಾನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಸೋದರರು, ಮಡದಿಯರಾದ ಜಕ್ಕಿ ಮತ್ತು ಶಾಂತಿ, ಗುರು ಅಜಿತಸೇನಾಚಾರ್ಯ ಎಲ್ಲರೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ತಾನು ಬಳೆಗಾರ ಕುಲದವನೆಂಬುದನ್ನು ಆ ಕವಿಚಕ್ರವರ್ತಿ ಮರೆಮಾಚಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟುದರಲ್ಲಿ ಆಶ್ರಯವಿತ್ತ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ಋಣಸ್ಮರಣೆಯಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳಿದ್ದು, ಅವು ರನ್ನನವೇ ಎಂದು ವಿದ್ವಾಂಸರು ಭಾವಿಸಿದ್ದಾರೆ. ಆದರೆ ಬಂಡೆ ಹೇಳುವುದು ಬಿರುದನ್ನು ಮಾತ್ರ. ಆ ಬಿರುದಿನ ಹಿಂದಿನ ಮನುಷ್ಯನನ್ನು ತೋರಿಸುವುದು ಕಾವ್ಯ.

ಇಂತಹ ಪರಿಚಯ ಇಲ್ಲದಿದ್ದರೆ ಆಗುವ ನಷ್ಟಕ್ಕೆ ನಿದರ್ಶನಗಳೂ ಕನ್ನಡದಲ್ಲಿಯೇ ಇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು 1898ರಲ್ಲಿ ಕೆ.ಬಿ. ಪಾಠಕರು ಪ್ರಕಟಿಸಿದಾಗ ಅದು ನೃಪತುಂಗನ ಕೃತಿಯೆಂದೇ ಪ್ರಚಾರವಾಯಿತು. ಅನಂತರ ಶ್ರೀವಿಜಯನ ಪಕ್ಷ ಬಲಗೊಂಡಿತು. ಕರ್ತೃವು ತನ್ನ ಊರು, ತಂದೆತಾಯಿ, ಗುರುಗಳನ್ನು ಕುರಿತು ನಾಲ್ಕು ಪದ್ಯ ಬರೆದಿದ್ದರೆ ಇಷ್ಟು ದೀರ್ಘವಾದ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ವಿಷಯದಲ್ಲಿಯೂ ಕರ್ತೃ, ಕಾಲ, ಕೊನೆಗೆ ಗ್ರಂಥದ ಹೆಸರು ಕೂಡ ಚರ್ಚೆಗೆ ಒಳಗಾಗಿವೆ.

ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಕರ್ಣಾಟಕ ಕವಿಚರಿತೆಗೆ ಶಾಸನಗಳಂತೆಯೇ ಕವಿಗಳ ಸ್ವವಿವರಣೆಗಳೂ ಪ್ರಧಾನ ಆಕರಗಳಾದುವು. ಅಲ್ಲಿ ಒಬ್ಬ ಕವಿಗೆ ಹಲವು ಪುಟಗಳೂ ಮತ್ತೊಬ್ಬನಿಗೆ ಕೆಲವೇ ಸಾಲುಗಳೂ ದೊರೆತುದಕ್ಕೆ ಕಾವ್ಯಗುಣದ ಹೆಚ್ಚುಕಡಿಮೆ ಒಂದೇ ಕಾರಣವಲ್ಲ. ಯಾರು ತಮ್ಮನ್ನು ಕುರಿತು ಎಷ್ಟು ಹೇಳಿಕೊಂಡರು ಎಂಬುದೂ ಅಷ್ಟೇ ಮುಖ್ಯವಾದ ಕಾರಣ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಕವಿಗಳು ಪರಿಚಯವನ್ನು ಕಾವ್ಯದ ಒಡಲೊಳಗೇ, ಪದ್ಯಗಳ ರೂಪದಲ್ಲಿ, ಹೆಣೆದರು. ಪ್ರತಿ ಆಶ್ವಾಸದ ಕೊನೆಯ ಗದ್ಯದಲ್ಲಿ ತಮ್ಮ ಹೆಸರನ್ನು ಮತ್ತೆ ಮತ್ತೆ ಸೇರಿಸಿದರು. ಛಂದಸ್ಸಿನ ಕಟ್ಟು ಇದ್ದುದರಿಂದ ಲಿಪಿಕಾರನಿಗೆ ಅದನ್ನು ತಿದ್ದುವುದು ಸುಲಭವಾಗಿರಲಿಲ್ಲ. ಓಲೆಗರಿಯ ಕಟ್ಟಿನ ಮೊದಲ ಗರಿಯೋ ಕೊನೆಯ ಗರಿಯೋ ಕಳೆದುಹೋದರೂ ನಡುವಿನ ಗರಿಗಳಲ್ಲಿ ಕವಿಯ ಹೆಸರು ಉಳಿಯುತ್ತಿತ್ತು. ಇಂದಿನ ಲೇಖಕ ಪರಿಚಯವಾದರೋ ರಕ್ಷಾಪುಟದ ಮೇಲಿರುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಹೊಸ ರಟ್ಟು ಕಟ್ಟುವಾಗ ಮೊದಲು ಹರಿದುಹೋಗುವುದು ಅದೇ.

ಅದರ ಒಳವಿಷಯವೂ ವಿಚಾರಾರ್ಹ. ಪ್ರಶಸ್ತಿಗಳ ಉದ್ದನೆಯ ಪಟ್ಟಿಯಿದ್ದು ಹುಟ್ಟಿದ ವರ್ಷ, ಊರು, ಕಲಿಸಿದ ಗುರು, ಈ ಕೃತಿಯನ್ನು ಬರೆಯಲು ಪ್ರೇರಣೆ ಯಾವುದೂ ಇಲ್ಲದ ಪರಿಚಯಗಳು ವಿರಳವಲ್ಲ. ಪಂಪ, ರನ್ನರಿಗೂ ಆತ್ಮಪ್ರಶಂಸೆ ಅಪರಿಚಿತವಾಗಿರಲಿಲ್ಲ. ರನ್ನನಂತೂ ಅದರಲ್ಲಿ ಯಾರಿಗೂ ಹಿಂದಾದವನಲ್ಲ. ಆದರೆ ಆ ಪ್ರಶಂಸೆಯ ಮಗ್ಗುಲಲ್ಲಿಯೇ ಬಳೆಗಾರರ ಮನೆ, ತಾಯಿಯ ಹೆಸರು, ಶಕವರ್ಷದ ಎಣಿಕೆ ಇದ್ದವು. ಸಂಶೋಧಕನಿಗೆ ಇಂದು ಬಿರುದುಗಳಿಗಿಂತ ಹೆಚ್ಚು ಉಪಕಾರ ಮಾಡಿರುವುದು ಆ ಸಾಮಾನ್ಯ ವಿವರಗಳೇ.