ಮಿನಿ ಟ್ರ್ಯಾಕ್ಟರ್: ಗೇರ್ ಬದಲಿಸುವ, ಸಲಕರಣೆ ಜೋಡಿಸುವ ಕ್ರಮ

ಬಾಗಲಕೋಟೆ ಜಿಲ್ಲೆ ಜಮಖಂಡಿ ತಾಲ್ಲೂಕಿನ ತುಬಚಿ ಗ್ರಾಮದ ಹೆಸರು ರಾಜ್ಯದ ಓದುಗರಿಗೆ ಪರಿಚಿತವಾದದ್ದು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ. ಕೃಷ್ಣಾ ತೀರದ ಈ ಭಾಗ ಕಬ್ಬಿನ ಸೀಮೆ. ರೈತರೇ ಹಣ ಹಾಗೂ ಶ್ರಮ ಹಾಕಿ 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ಇರುವುದೂ ಇದೇ ತಾಲ್ಲೂಕಿನಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನೀರು ಬಂದಂತೆ ಕಬ್ಬು ಹೆಚ್ಚಿತು. ಕಬ್ಬಿನ ಸಾಲುಗಳ ನಡುವೆ ಕಳೆ ತೆಗೆಯಲು, ಬೋದು ಏರಿಸಲು ಎತ್ತುಗಳು ಮಾಡುತ್ತಿದ್ದ ಕೆಲಸದ ಒಂದು ಪಾಲು ಈಗ ಮಿನಿ ಟ್ರ್ಯಾಕ್ಟರ್‌ಗೆ ಬಂದಿದೆ.

ನಾಲ್ಕೈದು ಅಡಿ ಅಂತರದ ಸಾಲಿನಲ್ಲಿ ದೊಡ್ಡ ಟ್ರ್ಯಾಕ್ಟರ್ ಓಡಾಡಲಾರದು. ಸುಮಾರು 15ರಿಂದ 30 ಅಶ್ವಶಕ್ತಿಯ, ಕಿರಿದಾದ ಮೈಕಟ್ಟಿನ ಯಂತ್ರ ಅಲ್ಲಿ ಸಲೀಸಾಗಿ ಸಾಗುತ್ತದೆ. ಆದರೆ ಚಿಕ್ಕ ಯಂತ್ರವೆಂದರೆ ಚಿಕ್ಕ ಅಪಾಯ ಎಂದು ಭಾವಿಸುವಂತಿಲ್ಲ. ಗೇರ್ ಬದಲಿಸುವಾಗ ಮತ್ತು ಹಿಂದಿನ ಸಲಕರಣೆಗೆ ಚಾಲನೆ ಕೊಡುವಾಗ ಪಾಲಿಸಬೇಕಾದ ಕ್ರಮ ದೊಡ್ಡ ಟ್ರ್ಯಾಕ್ಟರ್‌ನಷ್ಟೇ ಕಟ್ಟುನಿಟ್ಟಿನದು.

ಎರಡು ಬಗೆಯ ಚಾಲನೆ

ಭಾರತದಲ್ಲಿ ಮಾರಾಟವಾಗುವ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಹಲ್ಲಿನ ಗೇರ್ ಹೊಂದಿರುವಂಥವು. ಮುಂದಕ್ಕೆ 6, ಹಿಂದಕ್ಕೆ 2 ಗೇರ್ ಸಾಮಾನ್ಯ. ಕೆಲವು ಮಾದರಿಗಳಲ್ಲಿ 9 ಮತ್ತು 3 ಇರುವುದುಂಟು. ಮುಖ್ಯ ಗೇರ್ ಕೋಲಿನ ಜೊತೆಗೆ ‘ಲೋ’ ಮತ್ತು ‘ಹೈ’ ಎಂಬ ಇನ್ನೊಂದು ಕೋಲಿರುತ್ತದೆ. ಹೊಲದ ಕೆಲಸಕ್ಕೆ ಲೋ, ರಸ್ತೆಗೆ ಹೈ.

ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರ್‌ನ ಬಗೆ ಬೇರೆ. ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಒತ್ತಡದಲ್ಲಿ ಎಣ್ಣೆಯನ್ನು ತಳ್ಳುತ್ತದೆ. ಆ ಎಣ್ಣೆ ಒಂದು ಮೋಟರನ್ನು, ಮೋಟರು ಚಕ್ರಗಳನ್ನು ತಿರುಗಿಸುತ್ತದೆ. ಪಂಪಿನೊಳಗಿನ ಓರೆ ತಟ್ಟೆಯ ಕೋನ ಹೆಚ್ಚಾದಂತೆ ವೇಗ ಹೆಚ್ಚುತ್ತದೆ. ಕೋನ ವಿರುದ್ಧ ದಿಕ್ಕಿಗೆ ಹೊರಳಿದರೆ ಟ್ರ್ಯಾಕ್ಟರ್ ಹಿಂದಕ್ಕೆ ಚಲಿಸುತ್ತದೆ. ಚಾಲಕ ಮಾಡುವುದು ಪೆಡಲ್ ಒತ್ತುವುದಷ್ಟೆ.

ನಗರದ ಓದುಗರಿಗೆ ಗೇರ್‌ರಹಿತ ಸ್ಕೂಟರ್ ನೆನಪಾಗಬಹುದು. ಆದರೆ ಒಂದು ವ್ಯತ್ಯಾಸವಿದೆ. ಸ್ಕೂಟರಿನಲ್ಲಿ ವೇಗ ತಗ್ಗಿದರೆ ಇಂಜಿನ್ನೂ ತಗ್ಗುತ್ತದೆ. ಇಲ್ಲಿ ಇಂಜಿನ್ನಿನ ವೇಗವನ್ನು ಕೈಸನ್ನೆಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲಿಸಿ, ಚಕ್ರದ ವೇಗವನ್ನು ಮಾತ್ರ ಪೆಡಲಿನಿಂದ ಏರಿಳಿಸಲಾಗುತ್ತದೆ.

ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆ 1967ರಲ್ಲಿ ಈ ಚಾಲನೆಯ ಕೃಷಿ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರ್ ಉದ್ಯಮಕ್ಕಿಳಿದದ್ದೂ ಅದೇ ದಶಕದಲ್ಲಿ; ಆ ಸಂಸ್ಥೆ ಮುಂದೆ ತಯಾರಿಸಿದ ಮಿನಿ ಟ್ರ್ಯಾಕ್ಟರ್ ಹಲ್ಲಿನ ಗೇರಿನದು. ಎಣ್ಣೆಯ ಚಾಲನೆಯಲ್ಲಿ ಶಕ್ತಿಯ ನಷ್ಟ ಹೆಚ್ಚು, ಬೆಲೆಯೂ ಹೆಚ್ಚು. ಟ್ರೇಲರ್ ಎಳೆಯುವ ಕೆಲಸಕ್ಕೂ ಬೇಕಾಗುವ ಇಲ್ಲಿನ ಟ್ರ್ಯಾಕ್ಟರ್‌ಗೆ ಹಲ್ಲಿನ ಗೇರ್ ಅಗ್ಗ, ದುರಸ್ತಿ ಸುಲಭ. ಹಾಗೆಂದು ಹೈಡ್ರೋಸ್ಟ್ಯಾಟಿಕ್ ಚಾಲನೆ ಈ ಸೀಮೆಗೆ ಅಪರಿಚಿತವೇನಲ್ಲ. ಕಬ್ಬು ಕಟಾವಿನ ದೈತ್ಯ ಯಂತ್ರಗಳು ಚಲಿಸುವುದು ಇದೇ ತತ್ತ್ವದ ಮೇಲೆ.

ಗೇರ್ ಬದಲಾವಣೆ ಹೇಗೆ?

ಹಲ್ಲಿನ ಗೇರಿನ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕಿಳಿಯುವ ಮುನ್ನವೇ ಗೇರ್ ಆರಿಸಿಕೊಳ್ಳಬೇಕು. ಕ್ಲಚ್ ಪೂರ್ತಿ ಒತ್ತಿ, ಟ್ರ್ಯಾಕ್ಟರ್ ನಿಂತ ಮೇಲೆ ಲೋ-ಹೈ ಕೋಲು ಸರಿಸಿ, ನಂತರ ಮುಖ್ಯ ಗೇರ್ ಹಾಕಬೇಕು. ಹಲ್ಲು ಕೂಡದಿದ್ದರೆ ಬಲ ಪ್ರಯೋಗ ಸಲ್ಲದು. ಕೋಲನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಒಳಗಿನ ಹಲ್ಲುಗಳ ಸ್ಥಾನ ಬದಲಾಗಿ ಗೇರ್ ಸುಲಭವಾಗಿ ಬೀಳುತ್ತದೆ. ‘ಕರ್‌ರ್’ ಎಂಬ ಸದ್ದು ಬಂದರೆ ಹಲ್ಲು ಸವೆಯುತ್ತಿದೆ ಎಂದೇ ಅರ್ಥ.

ಹೈಡ್ರೋಸ್ಟ್ಯಾಟಿಕ್‌ನಲ್ಲಿ ಮುಂದಕ್ಕೆ, ಹಿಂದಕ್ಕೆ ಹೋಗಲು ಕ್ಲಚ್ ಬೇಡ. ಆದರೆ ಲೋ-ಹೈ ಶ್ರೇಣಿಯ ಕೋಲು ಇಲ್ಲಿಯೂ ಹಲ್ಲಿನ ಗೇರನ್ನೇ ಸರಿಸುತ್ತದೆ. ಆದ್ದರಿಂದ ಪೆಡಲಿನಿಂದ ಕಾಲು ತೆಗೆದು, ಬ್ರೇಕ್ ಒತ್ತಿ, ಯಂತ್ರ ಪೂರ್ಣ ನಿಂತ ಮೇಲೆಯೇ ಅದನ್ನು ಮುಟ್ಟಬೇಕು. ಉಳುಮೆಯ ನಡುವೆ ಇಂಜಿನ್ ಏದುಸಿರು ಬಿಟ್ಟರೆ ಪೆಡಲನ್ನು ಇನ್ನಷ್ಟು ತುಳಿಯುವುದು ತಪ್ಪು. ತುಳಿದಷ್ಟೂ ಇಂಜಿನ್ ಮೇಲಿನ ಹೊರೆ ಹೆಚ್ಚುತ್ತದೆ. ಪೆಡಲ್ ಸಡಿಲಿಸಬೇಕು, ಇಲ್ಲವೇ ನಿಲ್ಲಿಸಿ ಲೋ ಶ್ರೇಣಿಗೆ ಬರಬೇಕು. ಪೆಡಲ್ ಬಿಟ್ಟರೆ ನಿಲ್ಲುವ ಟ್ರ್ಯಾಕ್ಟರ್, ಇಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟರೆ ಮೆಲ್ಲಗೆ ಜಾರಬಲ್ಲದು. ಕೈಬ್ರೇಕ್ ಹಾಕದೆ ಇಳಿಯುವಂತಿಲ್ಲ.

ಸಲಕರಣೆ ಜೋಡಣೆ

ಹಿಂಬದಿಯ ಸಲಕರಣೆ ಮೂರು ಕೊಂಡಿಗಳ ಮೇಲೆ ನಿಲ್ಲುತ್ತದೆ: ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ಸಮತಟ್ಟು ನೆಲದಲ್ಲಿ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ತಂದು, ಮೊದಲು ಎಡದ ಕೆಳತೋಳು, ಆಮೇಲೆ ಬಲದ್ದು, ಕೊನೆಗೆ ಟಾಪ್ ಲಿಂಕ್ ಜೋಡಿಸುವುದು ರೂಢಿ. ಬಲದ ತೋಳಿನ ಎತ್ತರವನ್ನು ಹಿಡಿಕೆಯಿಂದ ಹೊಂದಿಸಬಹುದಾದ್ದರಿಂದ ಈ ಕ್ರಮ. ಬಿಚ್ಚುವಾಗ ಇದರ ತಿರುವುಮುರುವು. ಪಿನ್ನುಗಳ ಅಳತೆಯೂ ಹೊಂದಬೇಕು. ಚಿಕ್ಕ ಟ್ರ್ಯಾಕ್ಟರ್‌ಗಳ ಒಂದನೇ ವರ್ಗದಲ್ಲಿ ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19 ಮಿಲಿಮೀಟರ್. ಎರಡನೇ ವರ್ಗದಲ್ಲಿ 28 ಮತ್ತು 25. ದೊಡ್ಡ ಟ್ರ್ಯಾಕ್ಟರ್‌ನ ಸಲಕರಣೆಯನ್ನು ಸಣ್ಣ ಯಂತ್ರಕ್ಕೆ ತಂತಿ ಸುತ್ತಿ ಕಟ್ಟುವುದು ಅಪಾಯಕ್ಕೆ ಆಹ್ವಾನ.

ರೋಟವೇಟರ್, ಔಷಧ ಸಿಂಪಡಿಸುವ ಪಂಪು ಮುಂತಾದವುಗಳಿಗೆ ಟ್ರ್ಯಾಕ್ಟರ್‌ನ ಹಿಂದಿನ ಪಿ.ಟಿ.ಒ. ದಂಡದಿಂದ ಶಕ್ತಿ ಬರುತ್ತದೆ. ಇಂಜಿನ್ ಆರಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ಜೋಡು ಶಾಫ್ಟನ್ನು ಸೇರಿಸಬೇಕು. ಬೀಗದ ಗುಂಡಿ ‘ಟಕ್’ ಎಂದು ಕೂತಿದೆಯೇ ಎಂದು ಎಳೆದು ನೋಡಬೇಕು. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ನೇರದಲ್ಲಿ ಇರಬೇಕು. ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಕೆಲಸ ಆರಂಭಿಸಬಾರದು. ಇಂಜಿನ್ ಕಡಿಮೆ ವೇಗದಲ್ಲಿರುವಾಗ ಪಿ.ಟಿ.ಒ. ಹಾಕಿ, ನಂತರ ನಿಗದಿತ ವೇಗಕ್ಕೆ ಏರಿಸಬೇಕು. ತಿರುವಿನಲ್ಲಿ ರೋಟವೇಟರನ್ನು ನೆಲದಿಂದ ಎತ್ತಬೇಕು. ಶಾಫ್ಟ್ ತೀರಾ ಬಾಗುವಷ್ಟು ಮೇಲೆತ್ತುವುದಾದರೆ ಪಿ.ಟಿ.ಒ. ನಿಲ್ಲಿಸಿರಬೇಕು. ನೆಲದಲ್ಲಿ ಊರಿದ ಸಲಕರಣೆಯೊಂದಿಗೆ ಹಿಂದಕ್ಕೆ ಚಲಿಸಬಾರದು.

ನಿಂತ ಟ್ರ್ಯಾಕ್ಟರ್, ನಿಲ್ಲದ ದಂಡ

ಅಪಾಯದ ಮೂಲ ಇರುವುದು ಇಲ್ಲಿಯೇ. ಒಂದೇ ಕ್ಲಚ್ಚಿನ ಹಳೆಯ ಟ್ರ್ಯಾಕ್ಟರ್‌ನಲ್ಲಿ ಕ್ಲಚ್ ಒತ್ತಿದರೆ ಚಕ್ರವೂ ಪಿ.ಟಿ.ಒ.ಯೂ ಇಂಜಿನ್ನಿನಿಂದ ಬೇರ್ಪಡುತ್ತವೆ. ಎರಡು ಹಂತದ ಕ್ಲಚ್ಚಿನಲ್ಲಿ ಅರ್ಧ ಒತ್ತಿದರೆ ಚಕ್ರ ಮಾತ್ರ, ಪೂರ್ತಿ ಒತ್ತಿದರೆ ಪಿ.ಟಿ.ಒ.ಯೂ ನಿಲ್ಲುತ್ತದೆ. ಹೈಡ್ರೋಸ್ಟ್ಯಾಟಿಕ್‌ನಲ್ಲಿ ಕಾಲು ತೆಗೆದೊಡನೆ ಚಕ್ರ ನಿಲ್ಲುತ್ತದೆ; ದಂಡ ಮಾತ್ರ ಅದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಹಳೆಯ ಟ್ರ್ಯಾಕ್ಟರ್‌ನ ರೂಢಿಯಲ್ಲಿರುವ ಚಾಲಕ ‘ಗಾಡಿ ನಿಂತಿತು’ ಎಂದು ಇಳಿದು, ಅಲಗುಗಳಿಗೆ ಸುತ್ತಿದ ಕಬ್ಬಿನ ರವದಿ ಬಿಡಿಸಲು ಹಿಂದಕ್ಕೆ ಬಂದರೆ ಅನಾಹುತ ತಪ್ಪಿದ್ದಲ್ಲ. ಆಸನದಿಂದ ಎದ್ದೊಡನೆ ಇಂಜಿನ್ ಆರಿಸುವ ಸ್ವಿಚ್ಚು ಹಲವು ಮಾದರಿಗಳಲ್ಲಿದೆ. ಅದನ್ನು ತಂತಿಯಿಂದ ನಿಷ್ಕ್ರಿಯಗೊಳಿಸುವುದು ಪ್ರಾಣಕ್ಕೇ ಸಂಚಕಾರ.

ಪಿ.ಟಿ.ಒ.ಯ ಪ್ರಮಾಣಿತ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. 35 ಮಿಲಿಮೀಟರ್ ದಪ್ಪದ ಬರಿಯ ದಂಡವೇ ಸೆಕೆಂಡಿಗೆ ಸುಮಾರು 1 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ದಪ್ಪನೆಯ ಕವಲು ಇನ್ನೂ ಹೆಚ್ಚು. ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ ಸಿಕ್ಕರೆ ಕೂಗಿಕೊಳ್ಳುವಷ್ಟರಲ್ಲಿ ಮನುಷ್ಯ ದಂಡದ ಬಳಿ ಇರುತ್ತಾನೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುತ್ತಿದ್ದವರನ್ನು ಗಮನದಲ್ಲಿಟ್ಟು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ರೂಪಿಸಿತು. ಆದರೆ ಹೊಲದಲ್ಲಿ ಕಾಯ್ದೆಗಿಂತ ಮೊದಲು ಕಾಯುವುದು ಚಾಲಕನ ಅಭ್ಯಾಸವೇ.

ಬಾಡಿಗೆ ಯಂತ್ರದ ಎಚ್ಚರ

ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಿಂದ ಯಂತ್ರ ಕೊಳ್ಳಲಾಗದ ಸಣ್ಣ ರೈತರಿಗೂ ಬಾಡಿಗೆಗೆ ಉಪಕರಣ ಸಿಗುವ ದಾರಿಯಾಯಿತು. ಬಾಡಿಗೆ ಯಂತ್ರ ಪ್ರತಿ ಬಾರಿಯೂ ಹೊಸ ಯಂತ್ರವೇ. ಕೋಲುಗಳ ಸ್ಥಾನ, ಪೆಡಲಿನ ಬಗೆ, ಕ್ಲಚ್ಚಿನ ಹಂತ ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಸಲಕರಣೆ ಕಟ್ಟುವ ಮುನ್ನ ಖಾಲಿ ಜಾಗದಲ್ಲಿ ಐದು ನಿಮಿಷ ಓಡಿಸಿ, ಯಾವುದರಿಂದ ಚಕ್ರ ನಿಲ್ಲುತ್ತದೆ, ಯಾವುದರಿಂದ ದಂಡ ನಿಲ್ಲುತ್ತದೆ ಎಂಬುದನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಇಳಿಯುವ ಮುನ್ನ ಮಾತ್ರ ಎಲ್ಲ ಮಾದರಿಗೂ ಒಂದೇ ಕ್ರಮ: ಪಿ.ಟಿ.ಒ. ಬಿಡಿಸಿ, ಸಲಕರಣೆಯನ್ನು ನೆಲಕ್ಕಿಳಿಸಿ, ಕೈಬ್ರೇಕ್ ಹಾಕಿ, ಇಂಜಿನ್ ಆರಿಸಿ, ಕೀಲಿ ತೆಗೆದು, ದಂಡ ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಹಿಂದಕ್ಕೆ ಹೋಗುವುದು.